ಸರ್ಕಾರಿ ಹೈಸ್ಕೂಲಿನ ಆಟೋಮೊಬೈಲ್ ಕೋರ್ಸು: ಮೂಡಿಗೆರೆಯ ಗ್ಯಾರೇಜಿನವನ ಅಭಿಪ್ರಾಯ

ನಮ್ಮ ಹೋಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಗೆ ಆಟೋಮೊಬೈಲ್ ಅಂತ ಒಂದು ವಿಷಯ ಇದೆ. ನನ್ನ ಮಗಳು ಎರಡು ವರ್ಷ ಅದನ್ನು ಓದಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಮೂಡಿಗೆರೆ ಹ್ಯಾಂಡ್‌ಪೋಸ್ಟ್ ಕಡೆ ನನ್ನದೊಂದು ಟೂ ವೀಲರ್ ಗ್ಯಾರೇಜ್ ಇದೆ. ಹಾಗಾಗಿ ಅವಳು ಏನು ಕಲಿತು ಬಂದಳು, ಏನು ಕಲಿಯದೆ ಬಂದಳು ಅನ್ನುವುದು ನನಗೆ ಅಪ್ಪನಾಗಿಯೂ ಗೊತ್ತಾಯಿತು, ಮೆಕ್ಯಾನಿಕ್ ಆಗಿಯೂ ಗೊತ್ತಾಯಿತು. ಹೋಟೆಲ್ ದೋಸೆಗೆ, ಕೊಂಡ ಮಿಕ್ಸಿಗೆ ಜನ ಉದ್ದುದ್ದ ಅಭಿಪ್ರಾಯ ಬರೆಯುತ್ತಾರೆ. ಮಕ್ಕಳ ಎರಡು ವರ್ಷ ತೆಗೆದುಕೊಳ್ಳುವ ಈ ಕೋರ್ಸಿನ ಬಗ್ಗೆ ಪೋಷಕರೊಬ್ಬರು ಬರೆದದ್ದನ್ನು ನಾನು ಓದಿಲ್ಲ. ಜೂನ್ ತಿಂಗಳಲ್ಲಿ ಮಕ್ಕಳನ್ನು ಒಂಬತ್ತನೇ ತರಗತಿಗೆ ಸೇರಿಸುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಫಲಿತಾಂಶ ಕುಸಿದಿರುವ, ಮಕ್ಕಳು ಅರ್ಧಕ್ಕೆ ಬಿಟ್ಟು ಹೋಗುವ ಹೈಸ್ಕೂಲುಗಳಲ್ಲಿ ಇಂಥ ಕೈಕೆಲಸದ ವಿಷಯ ಕಡ್ಡಾಯ ಆಗಬೇಕು. ಅಲ್ಲಿ ಓದುವ ಎಲ್ಲ ಮಕ್ಕಳಿಗೂ ಆಗಬೇಕು. ಕಲಿಸುವವರನ್ನೂ ಸಾಮಾನನ್ನೂ ಕೊಡುವುದು ಸರ್ಕಾರಕ್ಕೂ ಅಷ್ಟೇ ಕಡ್ಡಾಯ ಆಗಬೇಕು. ಮಕ್ಕಳಿಗೆ ಮಾತ್ರ ಕಡ್ಡಾಯ, ಸರ್ಕಾರಕ್ಕೆ ಅನುಕೂಲವಾದಾಗ ಅನ್ನುವ ಹಾಗಿದ್ದರೆ ಈ ಕೋರ್ಸು ಬೇಡವೇ ಬೇಡ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಇದನ್ನು ಎನ್‌ಎಸ್‌ಕ್ಯೂಎಫ್ ಕೋರ್ಸು ಅನ್ನುತ್ತಾರೆ. ಕೇಂದ್ರ ಸರ್ಕಾರ 2013ರ ಡಿಸೆಂಬರ್‌ನಲ್ಲಿ ತಂದ ಕೌಶಲ ಅರ್ಹತೆಯ ಚೌಕಟ್ಟು ಅದು. ಶುರುವಿನಲ್ಲಿ ಒಂಬತ್ತನೇ ತರಗತಿಗೆ ಒಂದನೇ ಹಂತ, ಹತ್ತಕ್ಕೆ ಎರಡನೇ ಹಂತ, ಹೀಗೆ ಹನ್ನೆರಡರವರೆಗೆ ನಾಲ್ಕು ಹಂತ ಇಟ್ಟಿದ್ದರು. ಶಾಲೆಗಳಿಗೆ ಇದು ಸಮಗ್ರ ಶಿಕ್ಷಣ ಅನ್ನುವ ಕೇಂದ್ರದ ಯೋಜನೆಯ ಅಡಿಯಲ್ಲಿ ಬರುತ್ತದೆ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಯ ಮೂರನೇ ಭಾಷೆಯ ಬದಲು ಇದನ್ನು ತೆಗೆದುಕೊಳ್ಳಬಹುದು. ಹಿಂದಿ ಪರೀಕ್ಷೆ ನಡೆಯುವ ದಿನವೇ ಈ ಮಕ್ಕಳಿಗೆ ಇದರ ಪರೀಕ್ಷೆ. ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೋಮೊಬೈಲ್, ಹೆಲ್ತ್ ಕೇರ್, ಬ್ಯೂಟಿ ಅಂಡ್ ವೆಲ್‌ನೆಸ್, ಬಟ್ಟೆ ಹೊಲಿಗೆಯದು, ಎಲೆಕ್ಟ್ರಾನಿಕ್ಸ್, ಇಷ್ಟರಲ್ಲಿ ಯಾವ ಶಾಲೆಗೆ ಯಾವುದು ಮಂಜೂರಾಗಿದೆಯೋ ಅದು. ಎಲ್ಲ ಶಾಲೆಯಲ್ಲೂ ಇಲ್ಲ. ಪೋಷಕರಿಗೆ ಬೇರೆ ಖರ್ಚು ಏನೂ ಬರಲಿಲ್ಲ. ಮಗಳು ಬರೆದಾಗ 625 ಅಂಕದ ಎಸ್ಸೆಸ್ಸೆಲ್ಸಿಯಲ್ಲಿ ಇದು ಪೂರ್ತಿ ಲೆಕ್ಕಕ್ಕೆ ಬರುವ ವಿಷಯವಾಗಿತ್ತು. ಆಟದ ಪೀರಿಯಡ್ ಥರ ಅಲ್ಲ.

ಪುಸ್ತಕದಲ್ಲಿ ಎರಡು ಭಾಗ. ಮೊದಲನೆಯದು ಮಾತುಕತೆ, ಸ್ವಯಂ ನಿರ್ವಹಣೆ, ಕಂಪ್ಯೂಟರ್ ಬಳಕೆ, ಸ್ವಂತ ಉದ್ಯಮ, ಪರಿಸರ ಅಂತ ಎಲ್ಲ ಕೋರ್ಸಿಗೂ ಒಂದೇ. ಎರಡನೆಯದು ಆಯಾ ಕೆಲಸದ್ದು. ಮೊದಲ ಭಾಗ ಓದಿ ನೋಡಿದೆ. ಕೆಟ್ಟದೇನಿಲ್ಲ. ಆದರೆ ಗಿರಾಕಿಯ ಜೊತೆ ಹೇಗೆ ಮಾತಾಡಬೇಕು ಅನ್ನುವುದನ್ನು ಪುಸ್ತಕದಿಂದ ಉರು ಹೊಡೆಸುವುದರಲ್ಲಿ ಅರ್ಥ ಇಲ್ಲ. ಒಂದು ಶನಿವಾರ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಸಾಕು.

ಈಗ ಶಾಲೆಯ ಪರಿಸ್ಥಿತಿ ಹೇಳಬೇಕು, ಇಲ್ಲದಿದ್ದರೆ ಈ ಕೋರ್ಸು ಅಲ್ಲಿ ಏನು ಮಾಡಿತು ಅನ್ನುವುದು ಅರ್ಥವಾಗುವುದಿಲ್ಲ. ಓದಿಸುವ ಶಕ್ತಿ ಇರುವವರ ಮಕ್ಕಳೆಲ್ಲ ಹಳದಿ ವ್ಯಾನು ಹತ್ತಿ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಹೋಗುತ್ತಾರೆ. ಉಳಿದವರು ಎಸ್ಟೇಟ್ ಲೈನಿನ (ತೋಟದ ಕೂಲಿಯವರ ಸಾಲು ಮನೆಗಳ) ಮಕ್ಕಳು, ಒಂದೆರಡು ಎಕರೆಯವರ ಮಕ್ಕಳು, ಕೂಲಿಗೆ ಅಂತ ಹೊರಗಿನಿಂದ ಬಂದು ನಿಂತವರ ಮಕ್ಕಳು. ನವೆಂಬರ್ ಬಂತು ಅಂದರೆ ಅರೇಬಿಕಾ ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಅಪ್ಪ ಅಮ್ಮ ಬೆಳಿಗ್ಗೆ ತೋಟಕ್ಕೆ ಹೋದರೆ ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡದು ಮನೆಯಲ್ಲಿ. ಹೀಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಹಾಜರಿ ಇಳಿಯುತ್ತದೆ, ಮಾರ್ಚ್‌ನಲ್ಲಿ ಪಬ್ಲಿಕ್ ಪರೀಕ್ಷೆ. ಶಾಲೆ ಬಿಟ್ಟ ಹುಡುಗರು ಎಲ್ಲಿ ಹೋಗುತ್ತಾರೆ ಅಂತ ಇಲಾಖೆಗಿಂತ ನಮ್ಮಂಥ ಗ್ಯಾರೇಜಿನವರಿಗೆ ಚೆನ್ನಾಗಿ ಗೊತ್ತು. 'ಅಣ್ಣ, ಕೆಲ್ಸ ಕೊಡಿ, ಕಲೀತೀನಿ' ಅಂತ ನಮ್ಮಲ್ಲಿಗೇ ಬರುತ್ತಾರೆ. 14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, ಇಟ್ಟುಕೊಳ್ಳಲೂಬಾರದು. ವಾಪಸ್ ಕಳಿಸುತ್ತೇನೆ. ವಾಪಸ್ ಶಾಲೆಗೆ ಹೋಗುತ್ತಾರಾ? ಬಹಳ ಮಂದಿ ಹೋಗುವುದಿಲ್ಲ.

ಇಂಥ ಶಾಲೆಯ ಫಲಿತಾಂಶ ಬಿದ್ದಾಗ ಮೇಲಿನವರು ಮಾಡುವುದೇನು? ಎಚ್‌ಎಂಗೆ ನೋಟಿಸ್, ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಒಬ್ಬೊಬ್ಬ ಶಿಕ್ಷಕರಿಗೆ ಇಷ್ಟಿಷ್ಟು ಮಕ್ಕಳ ದತ್ತು, ಕೊನೆಗೆ ಪಾಸಿಂಗ್ ಪ್ಯಾಕೇಜ್. ಪಾಸಿಂಗ್ ಪ್ಯಾಕೇಜ್ ಅಂದರೆ ಯಾವ ಚಿತ್ರ, ಯಾವ ಪ್ರಮೇಯ, ಯಾವ ಪದ್ಯ ಬಾಯಿಪಾಠ ಮಾಡಿದರೆ ಪಾಸಾಗುವಷ್ಟು ಅಂಕ ದಾಟಬಹುದು ಅನ್ನುವ ಪಟ್ಟಿ. ಶಿಕ್ಷಕರ ಶ್ರಮವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ, ಸಂಜೆ ಕತ್ತಲಾಗುವವರೆಗೆ ಕೂತು ಓದಿಸಿದವರನ್ನು ನೋಡಿದ್ದೇನೆ. ಪಕ್ಕದ ಹಾಸನ ಜಿಲ್ಲೆ 2019ರಲ್ಲಿ 89.33 ಶೇಕಡಾ ತೆಗೆದು ರಾಜ್ಯಕ್ಕೇ ಮೊದಲು ಬಂದಾಗ ನಮ್ಮ ಕಡೆಯ ಪ್ರತಿ ಸಭೆಯಲ್ಲೂ ಅದೇ ಮಾತು. ಆಮೇಲೆ 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರು ಅಂತ ಯಾರೂ ಹೇಳಲಾರರು. ಮೊದಲಿನಿಂದಲೂ ಅವರಿಗೆ ಪಾಠ ಹತ್ತಿರ ಬಂದಿರಲಿಲ್ಲ, ಅಷ್ಟೆ. ಅದೇ ಪಾಠವನ್ನು ಇನ್ನೊಂದು ಗಂಟೆ ಜಾಸ್ತಿ ಹೇಳಿದರೆ ಹತ್ತಿರ ಬರುತ್ತದೆಯೇ ಅನ್ನುವುದು ನನ್ನ ಪ್ರಶ್ನೆ.

ಹತ್ತಿರ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದು ಈ ಆಟೋಮೊಬೈಲ್ ತರಗತಿಯಲ್ಲಿ.

ಮೊದಲ ವರ್ಷ ಪಾಠಕ್ಕೆ ಬಂದಿದ್ದ ತರಬೇತುದಾರರು ಕಡೂರು ಕಡೆಯ ಹುಡುಗ, ಡಿಪ್ಲೊಮಾ ಓದಿದವರು. ಬಹಳ ಒಳ್ಳೆಯ ಕೈ. ಮಕ್ಕಳು ಅವರನ್ನು ಆಟೋ ಸರ್ ಅಂತಲೇ ಕರೆಯುತ್ತಿದ್ದರು. ನನ್ನ ಗ್ಯಾರೇಜಿಗೆ ಬಂದು ಹಳೆಯ ಸ್ಪ್ಲೆಂಡರ್ ಇಂಜಿನ್ ಇದೆಯಾ ಅಂತ ಕೇಳಿದರು, ಕೊಟ್ಟೆ. ಶಾಲೆಗೆ ಬಂದಿದ್ದ ಕಿಟ್ಟಿನಲ್ಲಿ ಸ್ಪ್ಯಾನರ್ ಸೆಟ್, ಟಿ ಸ್ಪ್ಯಾನರ್, ಫೀಲರ್ ಗೇಜ್, ವರ್ನಿಯರ್, ಮಲ್ಟಿಮೀಟರ್ ಇದ್ದವು. ಬಿಚ್ಚಲಿಕ್ಕೆ ಒಂದು ನಿಜವಾದ ಇಂಜಿನ್ ಇರಲಿಲ್ಲ.

ಅವರು ಮಾಡಿದ ಮೊದಲ ಪಾಠದ ಬಗ್ಗೆ ಮಗಳು ಮನೆಗೆ ಬಂದು ಹೇಳಿದ್ದು ಇಷ್ಟು. ಫೀಲರ್ ಗೇಜ್ ಅಂದರೆ ತೆಳ್ಳಗಿನ ಉಕ್ಕಿನ ಎಲೆಗಳ ಒಂದು ಕಟ್ಟು. ಒಂದೊಂದು ಎಲೆಯ ಮೇಲೂ ಅದರ ದಪ್ಪ ಮಿಲಿಮೀಟರಿನಲ್ಲಿ ಅಚ್ಚಾಗಿರುತ್ತದೆ, 0.05, 0.10, 0.15 ಹೀಗೆ. 0.05 ದೊಡ್ಡದೋ 0.1 ದೊಡ್ಡದೋ ಅಂತ ಕೇಳಿದರೆ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು 0.05 ಅಂದರಂತೆ. ಐದು ಒಂದಕ್ಕಿಂತ ದೊಡ್ಡದಲ್ಲವಾ! ಸರ್ ಏನೂ ಹೇಳಲಿಲ್ಲ. ಎರಡೂ ಎಲೆ ಬಿಡಿಸಿ ಎರಡು ಬೆರಳ ಮಧ್ಯೆ ಕೊಟ್ಟರು. ಒಂದು ಬಗ್ಗುತ್ತದೆ, ಇನ್ನೊಂದು ಅಷ್ಟು ಬಗ್ಗುವುದಿಲ್ಲ. ದಶಮಾಂಶವನ್ನು ಐದನೇ ತರಗತಿಯಿಂದ ಓದಿಕೊಂಡು ಬಂದ ಮಕ್ಕಳು ಒಂಬತ್ತನೇ ತರಗತಿಯಲ್ಲಿ ಅದನ್ನು ಮೊದಲ ಸಲ ಮುಟ್ಟಿ ನೋಡಿದರು.

ಎರಡನೆಯದು ನನಗೆ ಇನ್ನೂ ಇಷ್ಟವಾದ ಪಾಠ. ಆ ಸ್ಪ್ಲೆಂಡರ್ ಇಂಜಿನ್ನಿನ ಹೆಡ್ ಬಿಚ್ಚಿಸಿದರು. ಸಿಲಿಂಡರಿನ ಬೋರನ್ನು, ಅಂದರೆ ಒಳಗಿನ ಅಗಲವನ್ನು, ವರ್ನಿಯರಿನಲ್ಲಿ ಅಳೆಸಿದರು: 50 ಮಿಲಿಮೀಟರ್. ಪಿಸ್ಟನ್ ಕೆಳಗಿನಿಂದ ಮೇಲಿನವರೆಗೆ ಎಷ್ಟು ಓಡುತ್ತದೆ ಅಂತ ಅಳೆಸಿದರು: 49.5. ಈಗ ಸೆಂಟಿಮೀಟರ್ ಮಾಡಿ, ಗಣಿತದ ಮೇಷ್ಟ್ರು ಹೇಳಿಕೊಟ್ಟ ಸಿಲಿಂಡರಿನ ಘನಫಲದ ಸೂತ್ರ ಹಾಕಿ ಅಂದರು. ಪೈಗೆ 22/7, ತ್ರಿಜ್ಯ 2.5ರ ವರ್ಗ 6.25, ಎತ್ತರ 4.95. ಗುಣಿಸಿದರೆ 97.2 ಘನ ಸೆಂಟಿಮೀಟರ್, ಅಂದರೆ ಸಿಸಿ. ಆಮೇಲೆ ಗಾಡಿಯ ಆರ್‌ಸಿ ತೆಗೆದು ತೋರಿಸಿದರು. ಅದರಲ್ಲೂ 97.2 ಸಿಸಿ. ಆ ದಿನ ಮಗಳು ಮನೆಗೆ ಬಂದು ನನ್ನ ಗ್ಯಾರೇಜಿನಲ್ಲಿ ನಿಂತಿದ್ದ ಗಾಡಿಗಳ ಕಾರ್ಡನ್ನೆಲ್ಲ ಕೇಳಿ ಕೇಳಿ ಓದಿದಳು. ಇಷ್ಟು ವರ್ಷ ಬೋರ್ ಮಾಡಿಸಿದ್ದೇನೆ, ಪಿಸ್ಟನ್ ಬದಲಾಯಿಸಿದ್ದೇನೆ, ಆ ಲೆಕ್ಕವನ್ನು ನಾನು ಹಾಳೆಯ ಮೇಲೆ ಹಾಕಿ ನೋಡಿರಲಿಲ್ಲ. ಹತ್ತನೇ ತರಗತಿಯ ಗಣಿತದಲ್ಲಿ ಘನಫಲದ ಒಂದು ಅಧ್ಯಾಯವೇ ಇದೆ, ಪ್ರತಿ ವರ್ಷ ಪ್ರಶ್ನೆ ಬರುತ್ತದೆ. ಈ ಮಕ್ಕಳು ಆ ಪ್ರಶ್ನೆಯನ್ನು ಬಿಟ್ಟು ಬರುವುದಿಲ್ಲ.

ವಿದ್ಯುತ್ತಿನ ಪಾಠವೂ ಹಾಗೇ. ಹೆಡ್‌ಲೈಟ್ ಬಲ್ಬು 35 ವಾಟ್, ಬ್ಯಾಟರಿ 12 ವೋಲ್ಟ್, ಹಾಗಾದರೆ ಹರಿಯುವ ಕರೆಂಟ್ ಹತ್ತಿರಹತ್ತಿರ 2.9 ಆಂಪಿಯರ್. ಮಲ್ಟಿಮೀಟರ್ ಇಟ್ಟು ನೋಡಿದರು. ಚೈನ್ ಸ್ಪ್ರಾಕೆಟ್ಟಿನ ಹಲ್ಲು ಎಣಿಸಿ ಅನುಪಾತ ಕಲಿತರು. ಮುಂದಿನದು 14, ಹಿಂದಿನದು 42 ಇದ್ದರೆ ಹಿಂದಿನ ಚಕ್ರ ಒಂದು ಸುತ್ತು ಬರಲಿಕ್ಕೆ ಮುಂದಿನದು ಮೂರು ಸುತ್ತಬೇಕು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕೈಯಲ್ಲಿ ತಿರುಗಿಸಿ ಎಣಿಸಿದರು. ವಿಜ್ಞಾನದ ಮೇಡಂ ಒಬ್ಬರು ಇದನ್ನು ನೋಡಿ ತಮ್ಮ ಪಾಠವನ್ನೂ ಲ್ಯಾಬಿನಲ್ಲೇ ಮಾಡತೊಡಗಿದರು. ಇದು ಯಾರೂ ಹೇಳಿ ಮಾಡಿಸಿದ್ದಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಹೆಸರು ಬೇಡ. ಲೈನ್ ಮನೆಯವನು. ಎಂಟನೇ ತರಗತಿಯಲ್ಲೇ ನನ್ನ ಹತ್ತಿರ ಕೆಲಸ ಕೇಳಿಕೊಂಡು ಬಂದಿದ್ದ. ಹುಡುಗ ಚುರುಕು, ಆದರೆ ಕನ್ನಡವನ್ನೇ ತಡವರಿಸಿ ಓದುತ್ತಿದ್ದ. ವಾಪಸ್ ಕಳಿಸಿದೆ. ಒಂಬತ್ತನೇ ತರಗತಿಯಲ್ಲಿ ಈ ಕೋರ್ಸಿಗೆ ಹೆಸರು ಕೊಟ್ಟ. ಲ್ಯಾಬ್ ಇರುವ ದಿನ ಮಾತ್ರ ತಪ್ಪದೆ ಬರುತ್ತಾನೆ, ಉಳಿದ ದಿನ ಬರುವುದಿಲ್ಲ ಅಂತ ಎಚ್‌ಎಂ ನನ್ನ ಹತ್ತಿರ ದೂರು ಹೇಳಿದರು. ಹಾಗಾದರೆ ಲ್ಯಾಬನ್ನು ವಾರಕ್ಕೆ ನಾಲ್ಕು ದಿನ ಹಂಚಿ ಅಂದೆ. ವೇಳಾಪಟ್ಟಿ ಬದಲಾಯಿಸಿದರು, ಕೊಯ್ಲಿನ ತಿಂಗಳುಗಳಲ್ಲಿ ಬೆಳಗಿನ ಮೊದಲ ಪೀರಿಯಡ್ಡಿಗೇ ತಂದರು. ಒಮ್ಮೆ ಒಳಗೆ ಬಂದ ಹುಡುಗ ಮಧ್ಯಾಹ್ನದ ಊಟ ಬಿಟ್ಟು ಹೋಗುವುದಿಲ್ಲ, ಊಟ ಆದ ಮೇಲೆ ಉಳಿದ ಪಾಠಕ್ಕೂ ಕೂರುತ್ತಾನೆ. ಗಣಿತ ಮೊದಲ ಪರೀಕ್ಷೆಯಲ್ಲಿ ಹೋಯಿತು, ಎರಡನೇ ಪರೀಕ್ಷೆಯಲ್ಲಿ ಪಾಸಾದ. ಈಗ ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಓದುತ್ತಿದ್ದಾನೆ. ಎಸ್ಸೆಸ್ಸೆಲ್ಸಿ ಪಾಸಾಗದಿದ್ದರೆ ಆ ಸೀಟೂ ಇರಲಿಲ್ಲ. ನನ್ನ ಗ್ಯಾರೇಜಿನಲ್ಲಿ ಅವತ್ತೇ ಸೇರಿಕೊಂಡಿದ್ದರೆ ಪಂಕ್ಚರ್ ಹಾಕುವುದು, ವಾಷಿಂಗ್ ಮಾಡುವುದು, ಅಲ್ಲಿಗೇ ನಿಲ್ಲುತ್ತಿದ್ದ.

ಇಷ್ಟು ಒಳ್ಳೆಯದು. ಕೆಟ್ಟದ್ದು ಇದಕ್ಕಿಂತ ಕಡಿಮೆ ಇಲ್ಲ.

ತರಬೇತುದಾರರು ಶಾಲೆಯ ನೌಕರರಲ್ಲ. ಏಜೆನ್ಸಿಯ ಮೂಲಕ ಗುತ್ತಿಗೆಯ ಮೇಲೆ ಬರುವವರು. ಆಟೋ ಸರ್‌ಗೆ ಸಂಬಳ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ರೂಮಿನ ಬಾಡಿಗೆ, ಬಸ್ ಖರ್ಚು ಕೈಯಿಂದಲೇ. ಮಗಳು ಹತ್ತನೇ ತರಗತಿಗೆ ಬಂದ ವರ್ಷ ನಡುವೆಯೇ ಬಿಟ್ಟು ಹೋದರು, ಅವರನ್ನು ತಪ್ಪು ಅನ್ನಲಾರೆ. ಇನ್ನೊಬ್ಬರು ಬರುವವರೆಗೆ ಆಟೋಮೊಬೈಲ್ ಪೀರಿಯಡ್ಡಿನಲ್ಲಿ ಮಕ್ಕಳು ಪುಸ್ತಕ ತೆರೆದು ತಾವೇ ಓದಿಕೊಂಡರು. ಲ್ಯಾಬಿಗೆ ಬೀಗ. ಸಾಮಾನು ಕಳೆದರೆ ಎಚ್‌ಎಂ ಜವಾಬ್ದಾರಿ, ಹಾಗಾಗಿ ಸ್ಪ್ಯಾನರ್ ಸೆಟ್ಟು ಬೀರುವಿನಲ್ಲಿ. ಆ ತಿಂಗಳುಗಳಲ್ಲಿ ಹಾಜರಿ ಮತ್ತೆ ಮೊದಲಿನಂತೆಯೇ ಇಳಿಯಿತು. ಆ ಕೋರ್ಸಿನಿಂದಲೇ ಮಕ್ಕಳು ಬರುತ್ತಿದ್ದರು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ. ಆದರೆ ಆ ಸಾಕ್ಷಿ ಸಿಕ್ಕಿದ್ದು ಮಕ್ಕಳ ಹತ್ತನೇ ತರಗತಿಯ ಬೆಲೆಯಲ್ಲಿ ಅನ್ನುವುದು ನನಗೆ ಇವತ್ತಿಗೂ ಸಂಕಟ.

ಪಾಠದ ಸರಕು ಹಳೆಯದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಗಾಡಿಗಳೆಲ್ಲ ಬಿಎಸ್-6 ಅನ್ನುವ ಹೊಗೆ ನಿಯಮಕ್ಕೆ ಒಳಪಟ್ಟವು. ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂದು ಕೂತಿದೆ. ಈಗ ಗಾಡಿ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ತೆಗೆಯುವುದು ಗಾಡಿಯ ದೋಷ ಓದುವ ಸ್ಕ್ಯಾನರ್. ಸೆನ್ಸರ್ ಹೋಗಿದೆಯಾ, ವೈರಿಂಗ್ ಕಡಿದಿದೆಯಾ, ಫ್ಯೂಯಲ್ ಪಂಪ್ ಒತ್ತಡ ಸರಿ ಇದೆಯಾ, ಅದನ್ನು ನೋಡಬೇಕು. ಶಾಲೆಯ ಲ್ಯಾಬಿನಲ್ಲಿ ಸ್ಕ್ಯಾನರ್ ಇಲ್ಲ. ಗೋಡೆಯ ಮೇಲೆ ಕಾರ್ಬೊರೇಟರಿನ ದೊಡ್ಡ ಚಿತ್ರ ಇದೆ. ಹಳೆ ಗಾಡಿ ಇನ್ನೂ ಊರು ತುಂಬ ಇರುವುದರಿಂದ ಕಾರ್ಬೊರೇಟರ್ ಕಲಿಯುವುದು ವ್ಯರ್ಥ ಅಲ್ಲ, ಆದರೆ ಅಲ್ಲಿಗೇ ನಿಂತರೆ ಈ ಮಕ್ಕಳಿಗೆ ಶೋರೂಮಿನ ಸರ್ವಿಸ್ ಸೆಂಟರಿನಲ್ಲಿ ಕೆಲಸ ಸಿಗುವುದಿಲ್ಲ.

ಖರ್ಚಾಗುವ ಸಾಮಾನಿಗೆ ದುಡ್ಡಿಲ್ಲ. ಇಂಜಿನ್ ಆಯಿಲ್, ಬ್ರೇಕ್ ಫ್ಲೂಯಿಡ್, ಒರೆಸುವ ಬನಿಯನ್ ವೇಸ್ಟ್, ಗ್ಯಾಸ್ಕೆಟ್, ಕೈ ತೊಳೆಯುವ ಸೋಪು. ಒಂದು ಸಲ ಹೆಡ್ ಬಿಚ್ಚಿದರೆ ಗ್ಯಾಸ್ಕೆಟ್ ಹೊಸದು ಹಾಕಬೇಕು, ಅದನ್ನು ಯಾರು ಕೊಡುತ್ತಾರೆ? ನಾನು ಕೊಟ್ಟೆ, ಬಿಡಿಭಾಗದ ಅಂಗಡಿಯ ಗೆಳೆಯರೊಬ್ಬರು ಕೊಟ್ಟರು. ಗ್ಯಾರೇಜಿನವನ ಮಗಳು ಇಲ್ಲದ ಶಾಲೆಯಲ್ಲಿ? ಕಣ್ಣಿಗೆ ಹಾಕುವ ಕನ್ನಡಕ ಇರಲಿಲ್ಲ, ಬೆಂಕಿ ಆರಿಸುವ ಸಿಲಿಂಡರ್ ಶಾಲೆಯಲ್ಲಿ ಒಂದೇ, ಅದೂ ಅಡುಗೆ ಕೋಣೆಯ ಹತ್ತಿರ. ಪೆಟ್ರೋಲ್ ಇಟ್ಟುಕೊಂಡು ಕೆಲಸ ಮಾಡುವ ಜಾಗದಲ್ಲಿ ಇದು ಸಣ್ಣ ಕೊರತೆ ಅಲ್ಲ.

ಪ್ರಾಯೋಗಿಕ ಪರೀಕ್ಷೆ ನನಗೆ ಸಿಟ್ಟು ತರಿಸಿತು. ಪರೀಕ್ಷಕರು ಬಂದರು, ಮೇಜಿನ ಮೇಲೆ ಇಟ್ಟ ಸಾಮಾನು ತೋರಿಸಿ ಹೆಸರು ಕೇಳಿದರು, ಹೋದರು. ಒಂದು ನಟ್ಟನ್ನೂ ಬಿಚ್ಚಿಸಲಿಲ್ಲ. ಬ್ರೇಕ್ ಶೂ ಬದಲಾಯಿಸಿ ಲಿವರ್ ಅಡ್ಜಸ್ಟ್ ಮಾಡಿ ತೋರಿಸು ಅಂದಿದ್ದರೆ ನನ್ನ ಮಗಳು ಮಾಡುತ್ತಿದ್ದಳು, ಆ ಹುಡುಗ ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ. ಬಾಯಲ್ಲಿ ಇಂಗ್ಲಿಷ್ ಹೆಸರು ಹೇಳಲು ಬರದೆ ಅವನಿಗೆ ಅಂಕ ಹೋಯಿತು.

ಇನ್ನೊಂದು ಕೊರತೆ, ಊರಿಗೂ ಕೋರ್ಸಿಗೂ ಸಂಬಂಧ ಇಲ್ಲದಿರುವುದು. ಮೂಡಿಗೆರೆ ಸುತ್ತ ಮುಂಗಾರು ಹಿಡಿದ ಮೇಲೆ ನನ್ನ ಗ್ಯಾರೇಜಿಗೆ ಬೈಕಿನಷ್ಟೇ ಕಳೆ ಹೊಡೆಯುವ ಮಿಷನ್ ಬರುತ್ತದೆ. ಬಹಳಷ್ಟಕ್ಕೆ ಒಂದೇ ಕಾಯಿಲೆ, ಪಿಸ್ಟನ್ ಸೀಜ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಲ್ಲುವುದು. ಟೂ ಸ್ಟ್ರೋಕ್ ಇಂಜಿನ್ ಅದು, ಪೆಟ್ರೋಲಿಗೆ ಆಯಿಲ್ ಸೇರಿಸಬೇಕು. 50ಕ್ಕೆ 1 ಅಂತ ಕಂಪನಿ ಹೇಳಿದ್ದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂತಿದ್ದರೆ 40 ಎಂಎಲ್. ಈ ಲೆಕ್ಕ ಗೊತ್ತಿಲ್ಲದೆ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುತ್ತಾರೆ, ಮಿಷನ್ ಹೋಗುತ್ತದೆ, ಬೈಸಿಕೊಳ್ಳುವವನು ಕೂಲಿ. ಫೆಬ್ರವರಿ ಮಾರ್ಚ್‌ನಲ್ಲಿ ಹೂ ಬರಿಸಲು ಸ್ಪ್ರಿಂಕ್ಲರ್ ಹಾಕುವ ಕಾಲಕ್ಕೆ ಡೀಸೆಲ್ ಪಂಪ್‌ಸೆಟ್ ಕೆಟ್ಟರೆ ಎಸ್ಟೇಟಿನವರು ಪರದಾಡುತ್ತಾರೆ. ಕೊಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಔಷಧಿ ಹೊಡೆಯುವ ಸ್ಪ್ರೇಯರ್, ಗದ್ದೆಗೆ ಟಿಲ್ಲರ್. ಇವನ್ನೆಲ್ಲ ರಿಪೇರಿ ಮಾಡುವವರು ನಮ್ಮಲ್ಲಿ ಕಡಿಮೆ, ಕೂಲಿ ಒಳ್ಳೆಯದು. ಕೋರ್ಸಿನ ಪುಸ್ತಕದಲ್ಲಿ ಇವು ಯಾವುದೂ ಇಲ್ಲ, ಕಾರಿನ ಸರ್ವಿಸ್ ಇದೆ. ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜಿದೆ, ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಯಂತ್ರ ತೋರಿಸಬಹುದಿತ್ತು. ಕ್ಷೇತ್ರ ಭೇಟಿ ಅಂತ ಶೋರೂಮಿಗೆ ಕರೆದುಕೊಂಡು ಹೋಗಿ ಹೊರಗಿನಿಂದ ತೋರಿಸಿ ತಂದರು. ಹಾಸನದ ಕಡೆಯಾದರೆ ವಿಶೇಷ ಆರ್ಥಿಕ ವಲಯದಲ್ಲಿ (ಎಸ್‌ಇಝಡ್) ಜವಳಿ ಕಾರ್ಖಾನೆ ಇದೆ, ಅಲ್ಲಿಯ ಶಾಲೆಗೆ ಹೊಲಿಗೆ ಕೋರ್ಸು ಹೊಂದುತ್ತದೆ. ಯಾವ ತಾಲ್ಲೂಕಿಗೆ ಯಾವುದು ಅಂತ ಆಯಾ ಊರಿನ ಶಾಲಾಭಿವೃದ್ಧಿ ಸಮಿತಿಯನ್ನು (ಎಸ್‌ಡಿಎಂಸಿ) ಕೇಳಿ ಕೊಡಬೇಕು.

ಈಗ ಕಡ್ಡಾಯದ ಮಾತು. ಇದನ್ನು ಹೇಳಿದಾಗ ನನಗೆ ಎದುರು ಮಾತಾಡಿದವರು ನನ್ನ ಸಹಪಾಠಿ, ಈಗ ಬೇರೊಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾರೆ, ಸ್ವತಃ ಲೈನ್ ಮನೆಯಿಂದ ಬಂದವರು. 'ಕಾನ್ವೆಂಟ್ ಮಕ್ಕಳಿಗೆ ಕೋಡಿಂಗ್ ಕಲಿಸ್ತಾರೆ, ನಮ್ ಮಕ್ಕಳಿಗೆ ಸ್ಪ್ಯಾನರ್ ಕೊಡ್ತೀರಾ? ನಮ್ಮಪ್ಪ ಕೂಲಿ ಮಾಡಿದ್ದು ಸಾಕಾಗ್ಲಿಲ್ವಾ?' ಅಂದರು. ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಆಗಿನ ಮುಖ್ಯಮಂತ್ರಿ ರಾಜಾಜಿ ಒಂದು ಯೋಜನೆ ತಂದಿದ್ದರು. ಪ್ರಾಥಮಿಕ ಶಾಲೆ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಪಾಠ, ಉಳಿದ ಹೊತ್ತು ಮನೆಯ ಕಸುಬು ಕಲಿಯಲಿ ಅಂತ. ಚಮ್ಮಾರನ ಮಗ ಚಮ್ಮಾರನೇ ಆಗಲಿ ಅನ್ನುವ ಯೋಜನೆ ಇದು ಅಂತ ದ್ರಾವಿಡ ಚಳವಳಿಯ ನಾಯಕ ಪೆರಿಯಾರ್ ಕಡೆಯವರು ಬೀದಿಗಿಳಿದರು. 1954ರಲ್ಲಿ ಕಾಮರಾಜ್ ಮುಖ್ಯಮಂತ್ರಿ ಆದಮೇಲೆ ಅದು ರದ್ದಾಯಿತು. ರದ್ದಾಗಬೇಕಾದದ್ದೇ.

ಗೆಳೆಯರ ಭಯ ನಿಜವಾಗುವುದು ಯಾವಾಗ ಅಂತ ಯೋಚಿಸಿದ್ದೇನೆ. ಈಗ ಇರುವ ಪದ್ಧತಿಯಲ್ಲೇ ಅದು ನಿಜವಾಗುತ್ತಿದೆ. ಇಷ್ಟವಿದ್ದವರು ತೆಗೆದುಕೊಳ್ಳಿ ಅಂತ ಬಿಟ್ಟಿದ್ದಾರೆ. ಅಲ್ಲಿ ನಡೆಯುವುದು ಏನು? ಹಿಂದಿ ಬರದವರು, ಕೊನೆಯ ಬೆಂಚಿನವರು ಆಟೋಮೊಬೈಲಿಗೆ, ಜಾಣರು ಹಿಂದಿಗೆ. ನನ್ನ ಮಗಳು ತರಗತಿಗೆ ಎರಡನೆಯವಳು. ಅವಳು ಇದಕ್ಕೆ ಹೆಸರು ಕೊಟ್ಟಾಗ ಒಬ್ಬ ಶಿಕ್ಷಕರು ಕರೆದು 'ನಿಂಗ್ಯಾಕಮ್ಮ ಇದು?' ಅಂದರು. ಮನೆಯಲ್ಲಿ ನನ್ನ ಅಮ್ಮ, 'ಹೆಣ್ಮಗು ಕೈಯೆಲ್ಲ ಗ್ರೀಸು ಮಾಡ್ಕೊಂಡ್ರೆ ನಾಳೆ ನೋಡೋಕ್ ಬಂದೋರು ಏನಂತಾರೋ' ಅಂತ ಒಂದು ತಿಂಗಳು ಗೊಣಗಿದರು. ಎಲ್ಲರಿಗೂ ಅಂತ ಇದ್ದಿದ್ದರೆ ಶಿಕ್ಷಕರ ಪ್ರಶ್ನೆಯೂ ಇರುತ್ತಿರಲಿಲ್ಲ, ಅಮ್ಮನ ಚಿಂತೆಯೂ ಇರುತ್ತಿರಲಿಲ್ಲ. ಆರಿಸಿಕೊಳ್ಳಲು ಬಿಟ್ಟಿದ್ದರಿಂದಲೇ ಅದು ದಡ್ಡರ ಕ್ಲಾಸು ಆಗಿದೆ. ಗಣಿತ ಬೇಡ ಅನ್ನುವವರಿಗೆ ಗಣಿತ ಬಿಡಲು ಅವಕಾಶ ಇದೆಯಾ? ಕೈ ಬಳಸುವುದನ್ನು ಕಲಿಯುವುದಕ್ಕೂ ಅದೇ ಮರ್ಯಾದೆ ಇರಲಿ.

ಮರ್ಯಾದೆ ಕೊಡಿ ಅಂತ ದೊಡ್ಡವರು ಹೇಳದೆ ಬಿಟ್ಟಿಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಅಂತ ಕೈಕಸುಬಿನ ಮೂಲಕವೇ ಎಲ್ಲ ಪಾಠ ಅಂದರು. 1952-53ರ ಮುದಲಿಯಾರ್ ಆಯೋಗ ಓದಿನ ಜೊತೆ ಕಸುಬೂ ಕಲಿಸುವ ಬಹೂದ್ದೇಶ ಶಾಲೆ ಬೇಕು ಅಂತಂದಿತು. 1964-66ರ ಕೊಠಾರಿ ಆಯೋಗ ಕೆಲಸದ ಅನುಭವ ಎಲ್ಲ ಮಕ್ಕಳಿಗೂ ಬೇಕು ಅಂತ ಬರೆಯಿತು. 2020ರ ರಾಷ್ಟ್ರೀಯ ನೀತಿ 2025ರ ಹೊತ್ತಿಗೆ ಅರ್ಧದಷ್ಟು ಮಕ್ಕಳಿಗಾದರೂ ವೃತ್ತಿ ಶಿಕ್ಷಣ ತಲುಪಬೇಕು ಅಂದಿತು. ಆ ನೀತಿ ಬೇಡ ಅಂತ ನಮ್ಮ ರಾಜ್ಯ ತನ್ನದೇ ಶಿಕ್ಷಣ ನೀತಿಗೆ ಆಯೋಗ ಮಾಡಿತು. ಹೆಸರು ಯಾವುದಾದರೂ ಇರಲಿ. ನಾನು ಓದುವಾಗ ಅಂಕಪಟ್ಟಿಯಲ್ಲಿ ಎಸ್‌ಯುಪಿಡಬ್ಲ್ಯು (ಸಮಾಜೋಪಯೋಗಿ ಉತ್ಪಾದಕ ಕೆಲಸ) ಅಂತ ಒಂದು ಸಾಲು ಇತ್ತು, ಅದರ ಮುಂದೆ ಒಂದು ಗ್ರೇಡು. ಆ ಪೀರಿಯಡ್ಡಿನಲ್ಲಿ ನಾವು ಮೈದಾನದ ಕಸ ಹೆಕ್ಕುತ್ತಿದ್ದೆವು. ಕಲಿಸುವವರು, ಸಾಮಾನು, ಅಂಕ, ಈ ಮೂರೂ ಇಲ್ಲದೆ ಕಡ್ಡಾಯ ಮಾಡಿದರೆ ಅದೇ ಆಗುತ್ತದೆ.

ಹಾಗಾಗಿ ಮಾಡುವುದಾದರೆ ಹೀಗೆ ಮಾಡಲಿ ಅನ್ನುವುದು ನನ್ನ ಬೇಡಿಕೆ. ತರಬೇತುದಾರರ ಹುದ್ದೆ ಶಾಲೆಯ ಮಂಜೂರಾದ ಹುದ್ದೆಗಳಲ್ಲಿ ಸೇರಬೇಕು, ಗಣಿತ ಶಿಕ್ಷಕರ ಹಾಗೆ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇರಬೇಕು. ಗಣಿತ, ವಿಜ್ಞಾನದ ಹುದ್ದೆ ಖಾಲಿ ಬಿಟ್ಟು ಇದನ್ನು ತರಬಾರದು, ಏಕೆಂದರೆ ಘನಫಲದ ಸೂತ್ರ ಹೇಳಿಕೊಟ್ಟ ಗಣಿತದ ಮೇಷ್ಟ್ರು ಇದ್ದದ್ದರಿಂದಲೇ ಆ 97.2 ಬಂತು. ಇದನ್ನು ಓದಿದವರಿಗೆ ಪಿಯುಸಿ ಸೈನ್ಸ್, ಡಿಪ್ಲೊಮಾ, ಐಟಿಐ ಎಲ್ಲ ಬಾಗಿಲೂ ತೆರೆದಿರಬೇಕು. ಈಗ ತೆರೆದೇ ಇವೆ, ನನ್ನ ಮಗಳು ಚಿಕ್ಕಮಗಳೂರಿನಲ್ಲಿ ಡಿಪ್ಲೊಮಾ ಸೇರಿದ್ದಾಳೆ, ಯಾರೂ ಹಿಂದಿ ಅಂಕ ಎಲ್ಲಿ ಅಂತ ಕೇಳಲಿಲ್ಲ. ಆದರೆ ಹಿಂದಿ ಕಲಿಯಬೇಕು ಅನ್ನುವ ಮಗುವಿಗೂ ಅವಕಾಶ ಇರಬೇಕು, ಭಾಷೆ ಬಿಟ್ಟರೆ ಮಾತ್ರ ಸ್ಪ್ಯಾನರ್ ಅನ್ನುವ ಕಟ್ಟುಪಾಡು ಸರಿ ಅಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಕೆಲಸ ಮಾಡಿಸಿ ನೋಡಿ ಅಂಕ ಕೊಡಬೇಕು. ಎಲ್ಲ ಶಾಲೆಗೂ ಲ್ಯಾಬ್ ಕೊಡಲು ಆಗದಿದ್ದರೆ ತಾಲ್ಲೂಕಿನ ಐಟಿಐಯ ವರ್ಕ್‌ಶಾಪ್ ಶನಿವಾರ ಮಧ್ಯಾಹ್ನ ಖಾಲಿ ಇರುತ್ತದೆ, ಒಂದು ಬಸ್ಸು ಮಾಡಿ ಕರೆದುಕೊಂಡು ಹೋಗಲಿ.

ಅಂಕ ಕೊಡಿ ಅಂದರೆ, ಮೊದಲ ವರ್ಷಕ್ಕೆ ಐದರಲ್ಲಿ ನಾಲ್ಕೂವರೆ. ಎರಡನೇ ವರ್ಷಕ್ಕೆ ಒಂದೂವರೆ.

ಸೇರಿಸುವ ಪೋಷಕರಿಗೆ ಕೆಲವು ಮಾತು. ಒಂಬತ್ತರಲ್ಲಿ ತೆಗೆದುಕೊಳ್ಳದಿದ್ದರೆ ಹತ್ತರಲ್ಲಿ ಹೊಸದಾಗಿ ಸೇರಿಸಲು ನಮ್ಮ ಶಾಲೆಯಲ್ಲಿ ಒಪ್ಪಲಿಲ್ಲ, ಹಾಗಾಗಿ ಒಂಬತ್ತರ ಶುರುವಿನಲ್ಲೇ ನಿರ್ಧಾರ ಮಾಡಿ. ಅರ್ಜಿಗೆ ಸಹಿ ಹಾಕುವ ಮೊದಲು ಲ್ಯಾಬಿನ ಬೀಗ ತೆಗೆಸಿ ನೋಡಿ. ಸ್ಪ್ಯಾನರ್ ಪ್ಲಾಸ್ಟಿಕ್ ಕವರಿನಲ್ಲೇ ಇದ್ದರೆ ಅಲ್ಲಿ ಪಾಠ ನಡೆದಿಲ್ಲ ಅಂತ ಅರ್ಥ. ತರಬೇತುದಾರರು ಎಷ್ಟು ವರ್ಷದಿಂದ ಇದ್ದಾರೆ, ಹೋದ ವರ್ಷ ಎಷ್ಟು ತಿಂಗಳು ಇರಲಿಲ್ಲ ಅಂತ ಎಚ್‌ಎಂ ಹತ್ತಿರ ನೇರವಾಗಿ ಕೇಳಿ. ಹೆಣ್ಣುಮಕ್ಕಳ ಪೋಷಕರು ಹಿಂಜರಿಯಬೇಡಿ, ಮಗಳ ತಂಡದಲ್ಲಿ ವೈರಿಂಗ್ ಕೆಲಸ ಎಲ್ಲರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದವರು ಇಬ್ಬರು ಹುಡುಗಿಯರೇ.

ಮೂಡಿಗೆರೆ ತಾಲ್ಲೂಕಿನಲ್ಲಿ ಬೇರೆ ಯಾವುದಾದರೂ ಸರ್ಕಾರಿ ಹೈಸ್ಕೂಲಿನಲ್ಲಿ ಈ ಕೋರ್ಸು ನಡೆಯುತ್ತಿದ್ದರೆ, ನನ್ನ ಗ್ಯಾರೇಜಿನ ಹಿಂದೆ ಎರಡು ಹಳೆ ಇಂಜಿನ್ ಮತ್ತು ಸೀಜ್ ಆದ ಕಳೆ ಮಿಷನ್ ಒಂದಷ್ಟು ಬಿದ್ದಿವೆ. ಭಾನುವಾರ ಬಿಟ್ಟು ಯಾವ ದಿನವಾದರೂ ಬಂದು ತೆಗೆದುಕೊಂಡು ಹೋಗಬಹುದು. ಜೊತೆಯಲ್ಲಿ ಮಕ್ಕಳೂ ಬಂದರೆ ಇಂಜಿನ್ ಬಿಚ್ಚುವುದು ಹೇಗೆ ಅಂತ ನಾನೇ ತೋರಿಸಿ ಕಳಿಸುತ್ತೇನೆ.